ಹುಬ್ಬಳ್ಳಿಯ ಹಳೇ ಟ್ಯಾಂಕು, ಹಳ್ಳಿಗೆ ಬಂದ ಹವಳ: ಕೇಸು ಯಾರ ಮೇಲೆ?

ಹೋದ ತಿಂಗಳು ಕಲಘಟಗಿ ಕಡೆಯ ಒಂದು ಹಳ್ಳಿಯಿಂದ ನನ್ನ ವಾಟ್ಸಾಪಿಗೆ ನಾಲ್ಕು ಫೋಟೋ ಬಂದವು. ಕಳಿಸಿದವನು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ. ಹುಬ್ಬಳ್ಳಿಯಲ್ಲಿ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೊರಟವರೊಬ್ಬರು ಮೂರು ಅಡಿಯ ಹಳೇ ಅಕ್ವೇರಿಯಂ ಮಾರಿದ್ದರು. ಇವನು ಟೆಂಪೊ ಮಾಡಿಕೊಂಡು ಹೋಗಿ ಹೊತ್ತು ತಂದಿದ್ದ.

"ಅಣ್ಣಾ, ಪೂರಾ ಸೆಟ್ ಕೊಟ್ಟಾರ. ಲೈಟು, ಮೋಟರು, ಕಲ್ಲು, ಜೋಡಿ ಹವಳಾನೂ ಅದಾವು. ನಮ್ಮ ಹಳ್ಯಾಗ ಸಮುದ್ರ ಮಾಡ್ತೀನಿ ನೋಡ್ರಿ. ಒಂದು ಸುದ್ದಿ ಹಾಕ್ರಲಾ."

ತಮ್ಮಾ, ಸುದ್ದಿ ಹಾಕ್ತಿದ್ದೇನೆ. ನಿನ್ನ ಹೆಸರು, ಊರು ಹಾಕುವುದಿಲ್ಲ. ಯಾಕೆಂದರೆ ನಿನ್ನ ಟೆಂಪೊದಲ್ಲಿ ಗಾಜಿನ ಜೊತೆಗೆ ಮೂರು ವರ್ಷದ ಜೈಲೂ ಹತ್ತಿಕೊಂಡು ಬಂದಿದೆ. ಮಾರಿದವರು ಅದನ್ನು ಹೇಳಲಿಲ್ಲ. ಈ ಬರಹ ನಿನ್ನ ಮೇಲಿನ ಸಿಟ್ಟಿನಿಂದ ಬರೆದದ್ದಲ್ಲ, ಆ ಹೇಳದವರ ಮೇಲಿನ ಸಿಟ್ಟಿನಿಂದ ಬರೆದದ್ದು.

ಕಾನೂನು ಏನು ಹೇಳುತ್ತದೆ

ಹುಲಿ, ಆನೆ ಕೊಂದರೆ ಅಪರಾಧ ಎಂದು ನಮ್ಮ ಹಳ್ಳಿಯ ಸಣ್ಣ ಹುಡುಗನಿಗೂ ಗೊತ್ತು. ಹವಳ ಇಟ್ಟುಕೊಂಡರೂ ಅದೇ ಸಾಲಿನ ಅಪರಾಧ ಎಂದು ಎಷ್ಟು ಜನಕ್ಕೆ ಗೊತ್ತು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಿದರು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಕೊಳಲಿನಂಥ ಕೊಳವೆ ಹವಳ, ಬೀಸಣಿಗೆಯಂಥ ಸಮುದ್ರ ಬೀಸಣಿಗೆ, ಎಲ್ಲವೂ ಅದರಲ್ಲಿವೆ. ಕಡಲ್ಗುದುರೆಯೂ ಇದೆ. 2022ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲೂ ಹವಳ ಒಂದನೇ ಅನುಸೂಚಿಯಲ್ಲೇ ಉಳಿಯಿತು.

ಒಂದನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸಜೆ. ದಂಡ 25 ಸಾವಿರ ರೂಪಾಯಿಗಿಂತ ಕಡಿಮೆ ಇಲ್ಲ. ಸಾಗಿಸಿದ ಗಾಡಿಯನ್ನೂ ಜಪ್ತಿ ಮಾಡಬಹುದು. ಟೆಂಪೊ ಬಾಡಿಗೆಯದ್ದಾದರೆ ಆ ಡ್ರೈವರನ ಹೊಟ್ಟೆಪಾಡಿನ ಗತಿ ಏನು, ನೀವೇ ಲೆಕ್ಕ ಹಾಕಿ.

ಇನ್ನೊಂದು ಕಲಂ ಇದೆ, 57ನೇದು. ನಿಮ್ಮ ಮನೆಯಲ್ಲಿ ಇಂಥ ಪ್ರಾಣಿ ಅಥವಾ ಅದರ ಭಾಗ ಸಿಕ್ಕರೆ, ಅದು ಕಾನೂನು ಮೀರಿ ಇಟ್ಟುಕೊಂಡದ್ದು ಎಂದೇ ಮೊದಲು ಹಿಡಿಯುತ್ತಾರೆ. ಹಾಗಲ್ಲ ಎಂದು ಸಾಬೀತು ಮಾಡುವ ಭಾರ ನಿಮ್ಮ ತಲೆಯ ಮೇಲೆ. ಈಗ ಹೇಳಿ, ಹುಬ್ಬಳ್ಳಿಯ ಮಾಲೀಕರು ನಮ್ಮ ಹುಡುಗನಿಗೆ ರಸೀದಿ ಕೊಟ್ಟಿದ್ದಾರಾ? ಹವಳ ಎಲ್ಲಿಂದ ಬಂತು ಎಂಬ ಒಂದು ಚೀಟಿ ಇದೆಯಾ? ಇಲ್ಲ. ಫೋನ್ ಪೇ ಮಾಡಿದ ಹಣ, ಒಂದು ಹಲೋ, ಒಂದು ಟಾಟಾ. ಅಷ್ಟೇ.

"ಇದು ಸಮುದ್ರದಿಂದ ಕಿತ್ತದ್ದಲ್ಲ, ಗೆಳೆಯನ ಟ್ಯಾಂಕಿನಲ್ಲಿ ಬೆಳೆದ ತುಂಡು" ಎಂದು ಮಾರುವವರು ಹೇಳುತ್ತಾರೆ. ಕಾಯ್ದೆಯಲ್ಲಿ ಸೆರೆಯ ಪ್ರಾಣಿ ಎಂದರೆ ಹಿಡಿದದ್ದು, ಇಟ್ಟುಕೊಂಡದ್ದು, ಸೆರೆಯಲ್ಲೇ ಹುಟ್ಟಿ ಬೆಳೆದದ್ದು, ಮೂರೂ ಸೇರಿವೆ. ಗೆಳೆಯನ ಟ್ಯಾಂಕಿನ ಮಾತು ಕೋರ್ಟಿನಲ್ಲಿ ನಡೆಯುವ ಮಾತಲ್ಲ.

"ಸತ್ತದ್ದಲ್ಲವಾ, ಬರೀ ಕಲ್ಲು" ಎನ್ನುವವರೂ ಇದ್ದಾರೆ. ಅಕ್ವೇರಿಯಂ ಮಂದಿ ಲೈವ್ ರಾಕ್ ಎಂದು ಕರೆಯುವ ಕಲ್ಲು ಬಹಳ ಸಲ ಹಳೇ ಹವಳದ ಅಸ್ಥಿಪಂಜರವೇ. ಕಾಯ್ದೆ ಜೀವವನ್ನಷ್ಟೇ ಅಲ್ಲ, ದೇಹದ ಭಾಗಗಳನ್ನೂ ನೋಡುತ್ತದೆ. ಹುಲಿ ಉಗುರು ಸತ್ತ ಹುಲಿಯದ್ದು ಎಂದರೆ ಯಾರಾದರೂ ಬಿಡುತ್ತಾರಾ?

ಹವಳ ಎಂದರೆ ಏನು

ನಮ್ಮ ಕಡೆ ಹವಳ ಎಂದ ಕೂಡಲೇ ಅವ್ವನ ಕೊರಳಿನ ಕೆಂಪು ಮಣಿ ನೆನಪಾಗುತ್ತದೆ. ಅದು ಬೇರೆ ಜಾತಿ. ಹಳೇ ಕಾಲದಿಂದ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುತ್ತಿದ್ದ ಕೆಂಪು ಹವಳ ಅದು. ಟ್ಯಾಂಕಿನಲ್ಲಿ ಇಡುವುದು ದಿಬ್ಬ ಕಟ್ಟುವ ಹವಳ.

ನೋಡಲು ಗಿಡದ ಹಾಗೆ, ಮುಟ್ಟಿದರೆ ಕಲ್ಲಿನ ಹಾಗೆ. ಆದರೆ ಅದು ಪ್ರಾಣಿ. ಸಾವಿರಾರು ಸಣ್ಣ ಬಾಯಿಗಳ ಒಂದು ಓಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಿಂದ ಅನ್ನ ಮಾಡಿ ಹವಳಕ್ಕೆ ಕೊಡುತ್ತದೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ. ನೀರು ರೂಢಿಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದು ಹಾಗೇ ವಾರಗಟ್ಟಲೆ ಉಳಿದರೆ ಹವಳ ಈ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಾಡಿಗೆದಾರ ವಾಪಸ್ ಬರದಿದ್ದರೆ ಹಸಿವಿನಿಂದ ಸಾಯುತ್ತದೆ. ಗುಂಡಾಗಿ ಬೆಳೆಯುವ ದೊಡ್ಡ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವೆ. ಅಂಗೈಯಗಲದ ತುಂಡು ಎಂದರೆ ಒಂದು ಹುಡುಗನ ಪ್ರಾಥಮಿಕ ಶಾಲೆ ಮುಗಿಯುವಷ್ಟು ಕಾಲ.

ನಮ್ಮ ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳ ಹೀಗೆ ಬೆಳ್ಳಗಾಗಿ ಸತ್ತಿತು. 2024ರಲ್ಲಿ ಮತ್ತೆ ಅದೇ ಕಥೆ. ಜಗತ್ತಿನಾದ್ಯಂತ ನಾಲ್ಕನೇ ಸಲ ಹವಳ ಬೆಳ್ಳಗಾಗುತ್ತಿದೆ ಎಂದು ಅಮೆರಿಕದ ಸಮುದ್ರ ಸಂಸ್ಥೆ ಆ ವರ್ಷದ ಏಪ್ರಿಲ್‌ನಲ್ಲೇ ಸಾರಿತು. ಕರ್ನಾಟಕಕ್ಕೂ ತನ್ನದೇ ಹವಳ ಇದೆ. ಮುರ್ಡೇಶ್ವರದ ಎದುರಿಗೆ ಸಮುದ್ರದಲ್ಲಿ ನೇತ್ರಾಣಿ ಗುಡ್ಡ ಇದೆಯಲ್ಲ, ಅದರ ಸುತ್ತ. ಇಷ್ಟು ಉಳಿದಿರುವಾಗ ಕಿತ್ತು ಗಾಜಿನ ಪೆಟ್ಟಿಗೆಗೆ ಹಾಕುವುದು ಯಾವ ಪ್ರೀತಿ?

ಹಳೇ ಟ್ಯಾಂಕಿನ ಒಳಗಿನ ವಿಷ

ಮಾರುವವರಲ್ಲಿ ಸ್ವಲ್ಪ ಜಾಣರು ಇನ್ನೊಂದು ಮಾತು ಹೇಳುತ್ತಾರೆ. "ಗಟ್ಟಿ ಹವಳ ಬ್ಯಾಡಾದ್ರ ಬಿಡ್ರಿ, ಗುಂಡಿ ಹಂಗ ಇರೋವು ಅದಾವು, ಅವು ಪಟ್ಟಿಯಾಗ ಬರಂಗಿಲ್ಲ." ಬಣ್ಣಬಣ್ಣದ ಅಂಗಿ ಗುಂಡಿಯಂತೆ ಕಲ್ಲಿಗೆ ಅಂಟಿಕೊಂಡಿರುವ ಈ ಜೀವಿಗಳಿಗೆ ಜೋಆಂಥಿಡ್ ಎನ್ನುತ್ತಾರೆ. ಇವುಗಳ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ. ಜಗತ್ತಿನ ಅತಿ ಘೋರ ನೈಸರ್ಗಿಕ ವಿಷಗಳಲ್ಲಿ ಅದೂ ಒಂದು. ಅದಕ್ಕೆ ಮದ್ದಿಲ್ಲ, ದವಾಖಾನೆಯಲ್ಲಿ ಉಸಿರಾಟ ನೋಡಿಕೊಳ್ಳುವುದಷ್ಟೇ.

ಸೆಕೆಂಡ್ ಹ್ಯಾಂಡ್ ಟ್ಯಾಂಕ್ ತಂದವರು ಮೊದಲು ಮಾಡುವ ಕೆಲಸ ಏನು? ಕಲ್ಲು ತೊಳೆಯುವುದು. ಬ್ರಷ್ ಹಾಕಿ ತಿಕ್ಕುವುದು, ಇಲ್ಲವೇ ಹಂಡೆಯಲ್ಲಿ ಕುದಿಸುವುದು. ನಮ್ಮ ಮನೆಗಳಲ್ಲಿ ಏನೇ ಹೊಲಸಾದರೂ ಕುದಿಸುವುದೇ ಮದ್ದು. ಇಲ್ಲಿ ಅದೇ ಕೊಲ್ಲುತ್ತದೆ. ವಿಷ ಆವಿಯ ಜೊತೆ ಗಾಳಿಗೆ ಬಂದು ಮನೆಯವರೆಲ್ಲರ ಎದೆ ಸೇರಬಹುದು. 2018ರಲ್ಲಿ ಇಂಗ್ಲೆಂಡಿನ ಸ್ಟೀವನ್‌ಟನ್ ಎಂಬ ಊರಿನಲ್ಲಿ ಒಂದು ಮನೆಯವರು ತಮ್ಮ ಟ್ಯಾಂಕ್ ಸ್ವಚ್ಛ ಮಾಡಲು ಹೋಗಿ ಈ ವಿಷದಿಂದ ಆಸ್ಪತ್ರೆ ಸೇರಿದರು. ಸಹಾಯಕ್ಕೆ ಬಂದ ಅಗ್ನಿಶಾಮಕದವರೂ ಆಸ್ಪತ್ರೆ ಕಂಡರು. ಅಲ್ಲಿ ಫೋನ್ ಮಾಡಿದರೆ ಗಾಡಿ ಬರುತ್ತದೆ, ವೈದ್ಯರಿಗೆ ವಿಷದ ಹೆಸರು ಗೊತ್ತಿರುತ್ತದೆ. ನಮ್ಮ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ "ಮೀನಿನ ಕಲ್ಲು ಕುದಿಸಿದ್ವಿ, ಎದಿ ಹಿಡ್ಕೊಂಡೈತಿ" ಎಂದರೆ ಯಾರಿಗೆ ತಿಳಿಯಬೇಕು?

ಅದಕ್ಕೇ ಕೇಳಿಕೊಳ್ಳುತ್ತೇನೆ: ಹಳೇ ಸಮುದ್ರ ಟ್ಯಾಂಕಿನ ಕಲ್ಲನ್ನು ಕುದಿಸಬೇಡಿ, ಬಿಸಿನೀರು ಸುರಿಯಬೇಡಿ, ಒಣಗಿಸಿ ಕೆರೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕೈಯಲ್ಲಿ ಗಾಯ ಇದ್ದರಂತೂ ಹತ್ತಿರ ಹೋಗಬೇಡಿ.

ಟ್ಯಾಂಕಿಗೂ ಒಂದು ಚರಿತ್ರೆ ಇರುತ್ತದೆ. ಸಿಹಿನೀರಿನ ಮೀನಿಗೆ ರೋಗ ಬಂದಾಗ ಹಲವರು ತಾಮ್ರದ ಔಷಧಿ ಹಾಕುತ್ತಾರೆ. ಆ ತಾಮ್ರ ಗಾಜಿನ ಮೂಲೆಯ ಸಿಲಿಕಾನ್‌ನಲ್ಲಿ, ಕಲ್ಲಿನಲ್ಲಿ ಕುಳಿತು ನಿಧಾನ ಬಿಡುತ್ತದೆ. ಮೀನು ತಾಳಬಹುದು, ಸಿಗಡಿ, ಬಸವನಹುಳು, ಹವಳ ತಾಳುವುದಿಲ್ಲ. ಸಿಲಿಕಾನ್ ಹಳತಾದರೆ ಜೋಡಣೆ ಬಿಡುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತುಂಬ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಅಂದರೆ ಬರೀ ನೀರಿನ ತೂಕವೇ 190 ಕಿಲೋ, ಎರಡು ಚೀಲ ಜೋಳಕ್ಕೆ ಸಮ. ಹಳೇ ಕಟ್ಟಿಗೆ ಮೇಜಿನ ಮೇಲೆ ಇದನ್ನು ಇಟ್ಟು, ಪಕ್ಕದಲ್ಲಿ ಸ್ವಿಚ್ ಬೋರ್ಡ್ ಇಟ್ಟು, ಕೆಳಗೆ ಕೂಸು ಆಡಲು ಬಿಟ್ಟರೆ ಏನಾಗಬಹುದು?

ನೀರಿನ ಲೆಕ್ಕ

ಈಗ ನೀರಿಗೆ ಬರೋಣ. ಹವಳಕ್ಕೆ ನಳದ ನೀರು ನಡೆಯುವುದಿಲ್ಲ, ಕ್ಲೋರಿನ್, ನೈಟ್ರೇಟ್, ಫಾಸ್ಫೇಟ್ ಆಗುವುದಿಲ್ಲ. ಬೋರ್ ನೀರು ಇನ್ನೂ ಆಗುವುದಿಲ್ಲ. ಆರ್‌ಒ ಯಂತ್ರದ ನೀರೇ ಬೇಕು. ಮನೆಯ ಆರ್‌ಒ ಒಂದು ಲೀಟರ್ ಶುದ್ಧ ನೀರು ಕೊಡಲು ಸುಮಾರು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ ಎಂದು ಹಿಡಿಯಿರಿ. 190 ಲೀಟರ್ ತುಂಬಲು 760 ಲೀಟರ್ ಬೇಕು. ಆಮೇಲೆ ವಾರಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸಬೇಕು, ಅದು 19 ಲೀಟರ್. ದಿನಕ್ಕೆ ಎರಡು ಲೀಟರ್ ಆವಿಯಾದರೂ ವಾರಕ್ಕೆ 14. ಒಟ್ಟು 33 ಲೀಟರ್ ಶುದ್ಧ ನೀರು, ಅಂದರೆ ವಾರಕ್ಕೆ 132 ಲೀಟರ್ ಎಳೆಯಬೇಕು.

ಒಂದು ಟ್ಯಾಂಕಿನಿಂದ ಮಲಪ್ರಭೆ ಬತ್ತುವುದಿಲ್ಲ, ಒಪ್ಪುತ್ತೇನೆ. ಆರ್‌ಒ ಚೆಲ್ಲಿದ ನೀರನ್ನು ಪಾತ್ರೆ, ಬಚ್ಚಲಿಗೆ ಬಳಸಬಹುದು, ಅದನ್ನೂ ಒಪ್ಪುತ್ತೇನೆ. ಆದರೆ ಟ್ಯಾಂಕಿನಿಂದ ತೆಗೆದ ಉಪ್ಪುನೀರನ್ನು ಏನು ಮಾಡುತ್ತೀರಿ? ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ವಾರಕ್ಕೆ 19 ಲೀಟರ್ ಚೆಲ್ಲಿದರೆ 650 ಗ್ರಾಂಗೂ ಹೆಚ್ಚು ಉಪ್ಪು ನಿಮ್ಮ ಹಿತ್ತಲಿಗೆ. ವರ್ಷಕ್ಕೆ ಮೂವತ್ತು ಕಿಲೋ ದಾಟಿತು. ಆ ಮಣ್ಣಿನಲ್ಲಿ ಕರಿಬೇವೂ ಏಳುವುದಿಲ್ಲ.

ಇದು ಯಾವ ನಾಡು? ಅವಳಿ ನಗರದ ಹಲವು ಓಣಿಗಳಲ್ಲಿ ನಳಕ್ಕೆ ನೀರು ಬರುವ ದಿನ ಹಬ್ಬದ ದಿನದ ಹಾಗೆ. ಕುಡಿಯುವ ನೀರಿಗಾಗಿ ನರಗುಂದ, ನವಲಗುಂದದ ರೈತರು 2015ರಿಂದ ವರ್ಷಗಟ್ಟಲೆ ಧರಣಿ ಕೂತರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಇರುವುದು 3.9 ಟಿಎಂಸಿ ಮಾತ್ರ. ಅಷ್ಟು ನೀರಿಗೆ ಬೆನ್ನ ಮೇಲೆ ಲಾಠಿ ತಿಂದ ಜನ ನಾವು. ಒಳ್ಳೆಯ ನೀರಿಗೆ ಉಪ್ಪು ಕಲಸಿ ಹೊರಗೆ ಚೆಲ್ಲುವ ಹವ್ಯಾಸ ನಮಗೆ ಒಗ್ಗುತ್ತದಾ?

"ಹಂಗಾದ್ರ ಅಂಗಡಿ ಉಪ್ಪು ಹಾಕ್ತೀನಿ, ಇಲ್ಲಾ ಸಾಣಿಕಟ್ಟಾ ಉಪ್ಪು ತರ್ತೀನಿ" ಎಂದ ನಮ್ಮ ಹುಡುಗ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಉಪ್ಪು ಸಾರಿಗೆ, ಉಪ್ಪಿನಕಾಯಿಗೆ ಬಂಗಾರ. ಆದರೆ ಆಗರದಲ್ಲಿ ನೀರು ಇಂಗುವಾಗ ಸುಣ್ಣದ ಅಂಶ ಮೊದಲೇ ತಳ ಸೇರುತ್ತದೆ, ಮೆಗ್ನೀಷಿಯಂ ಕೊನೆಗೆ ಉಳಿಯುವ ಕಹಿ ನೀರಿನ ಜೊತೆ ಹೋಗುತ್ತದೆ. ನಮ್ಮ ಕೈಗೆ ಬರುವುದು ಅಡುಗೆ ಉಪ್ಪು. ಸಮುದ್ರದಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಷಿಯಂ ಇರುತ್ತದೆ. ಹವಳ ತನ್ನ ಮನೆ ಕಟ್ಟುವುದೇ ಅದರಿಂದ. ಕಾರವಾರ, ಅಂಕೋಲೆಯಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರುತ್ತೇನೆ ಎಂದರೆ, ಮಳೆಗಾಲದಲ್ಲಿ ಕಾಳಿ, ಗಂಗಾವಳಿ ಹೊಳೆಗಳ ಸಿಹಿನೀರು ದಂಡೆಯವರೆಗೂ ತುಂಬಿರುತ್ತದೆ. ಇವತ್ತಿನ ನೀರು ನಾಳೆಯ ನೀರಲ್ಲ.

ಕರೆಂಟು ಹೋದ ರಾತ್ರಿ

ಹವಳದ ಟ್ಯಾಂಕಿನ ನೀರು 24ರಿಂದ 26 ಡಿಗ್ರಿಯ ಆಸುಪಾಸು ಇರಬೇಕು. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿಸಿಲು 37 ಮುಟ್ಟುತ್ತದೆ. ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಚಿಲ್ಲರ್ ಬೇಕು, ಅದರ ಬೆಲೆ ಹಳೇ ಟ್ಯಾಂಕಿನ ಬೆಲೆಗಿಂತ ಎಷ್ಟೋ ಪಟ್ಟು. ನೀರು ತಿರುಗಿಸುವ ಮೋಟರು ಹಗಲು ರಾತ್ರಿ ಓಡಬೇಕು. ಮೇ ತಿಂಗಳ ಗಾಳಿ ಮಳೆಗೆ ಕಂಬ ಬಿದ್ದರೆ ಹಳ್ಳಿಗೆ ಕರೆಂಟು ಯಾವಾಗ ಬರುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಿಸಿ ನೀರಿನಲ್ಲಿ, ಉಪ್ಪು ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಮೋಟರು ನಿಂತ ಕೆಲವೇ ತಾಸಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತವೆ. ಒಂದು ಸತ್ತರೆ ಅದರ ಕೊಳೆಯಿಂದ ಅಮೋನಿಯಾ ಏರಿ ಉಳಿದವು ಸಾಯುತ್ತವೆ. ಬೆಳಗ್ಗೆ ಎದ್ದಾಗ ಮನೆ ತುಂಬ ಕಾರವಾರದ ಮೀನು ಮಾರ್ಕೆಟ್ಟಿನ ವಾಸನೆ.

"ಹಳ್ಳಿಯವರು ಆಸೆ ಪಡಬಾರದಾ?"

ಇದನ್ನು ಓದಿ ಒಬ್ಬ ಗೆಳೆಯ ನನಗೆ ಸರಿಯಾಗಿಯೇ ಚುಚ್ಚಿದ. "ಹುಬ್ಬಳ್ಳಿ ಶ್ರೀಮಂತ ಇಟ್ಟಾಗ ನೀ ಸುಮ್ನಿದ್ದಿ. ಹಳ್ಳಿ ಹುಡುಗ ಇಟ್ಟ ಕೂಡ್ಲೆ ಕಾಯ್ದೆ ನೆನಪಾತೇನು?"

ಆ ಮಾತಿನಲ್ಲಿ ಹುರುಳಿದೆ. ಚಂದದ ವಸ್ತು ನೋಡುವ ಹಕ್ಕು ಎಲ್ಲರಿಗೂ ಇದೆ. ನನ್ನ ತಕರಾರು ಇರುವುದೇ ಅಲ್ಲಿ. ಪೇಟೆಯವರು ಚಂದ ಇರುವಷ್ಟು ದಿನ ನೋಡಿದರು. ಗಾಜು ಸೋರಲು ಶುರುವಾದಾಗ, ಕರೆಂಟ್ ಬಿಲ್ ಸಾಕಾದಾಗ, ಕಾನೂನು ಬಿಗಿಯಾದಾಗ ಹಳ್ಳಿಗೆ ದಾಟಿಸಿದರು. ಅವರ ಮನೆಯಿಂದ ಹೊರಟದ್ದು ಕಸ, ನಮ್ಮ ಮನೆಗೆ ಬಂದದ್ದು ಕೇಸು. ಹಳೇ ಟಿವಿ, ಹಳೇ ಫ್ರಿಜ್ ಹೀಗೇ ಬಂದವು, ಅವುಗಳ ಜೊತೆ ಜೈಲು ಬರಲಿಲ್ಲ. ಅಧಿಕಾರಿಗಳು ನಾಳೆ ಬಾಗಿಲು ತಟ್ಟಿದರೆ ಸಿಗುವವನು ಕೊನೆಗೆ ಕೊಂಡವನು. ಮೊದಲು ಆಮದು ಮಾಡಿದವನು, ನಡುವೆ ಲಾಭ ಮಾಡಿದವನು ಎಲ್ಲಿ ಸಿಗುತ್ತಾರೆ? ಅರಣ್ಯ ಇಲಾಖೆಗೆ ನನ್ನ ಪ್ರಶ್ನೆಯೂ ಇದೇ: ಫೋನಿನಲ್ಲಿ ಬಹಿರಂಗವಾಗಿ ಹವಳ ಮಾರುವ ಜಾಹೀರಾತು ಕಣ್ಣಿಗೆ ಬೀಳುವಾಗ ಮೊದಲು ತಟ್ಟಬೇಕಾದ ಬಾಗಿಲು ಯಾವುದು?

ಈಗಾಗಲೇ ತಂದವರು ಏನು ಮಾಡಬೇಕು

ಮೊದಲನೆಯದು, ಹವಳವನ್ನು ಇನ್ನೊಬ್ಬರಿಗೆ ಮಾರಬೇಡಿ, ದಾನವೂ ಕೊಡಬೇಡಿ. ಕೊಟ್ಟರೆ ತಪ್ಪು ಎರಡಾಗುತ್ತದೆ. ಒಬ್ಬ ವಕೀಲರನ್ನು ಕೇಳಿ, ಅರಣ್ಯ ಇಲಾಖೆಗೆ ಬರಹದಲ್ಲಿ ತಿಳಿಸಿ ಒಪ್ಪಿಸುವುದು ಸುರಕ್ಷಿತ ದಾರಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಧಾರವಾಡದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100.

ಎರಡನೆಯದು, ಮೀನಾಗಲಿ, ಗಿಡವಾಗಲಿ, ನೀರಾಗಲಿ ಕೆರೆ ಹಳ್ಳಕ್ಕೆ ಬಿಡಬೇಡಿ. "ಪಾಪ, ಬದುಕ್ಲಿ" ಎಂದು ಬಿಟ್ಟ ಟ್ಯಾಂಕ್ ಕ್ಲೀನರ್ ಮೀನು, ದಕ್ಷಿಣ ಅಮೆರಿಕದ್ದು, ಇವತ್ತು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ಬಲೆ ಹರಿಯುತ್ತಿದೆ. ನಮ್ಮ ಕಡಲುಗಳ ಲಯನ್ ಮೀನು 1985ರಲ್ಲಿ ಅಮೆರಿಕದ ಫ್ಲೋರಿಡಾ ದಂಡೆಯಲ್ಲಿ ಕಂಡಿತು. ಅಕ್ವೇರಿಯಂನಿಂದ ಹೊರಬಿದ್ದದ್ದು ಎಂದೇ ನಂಬಿಕೆ. ಈಗ ಕೆರಿಬಿಯನ್ ಸಮುದ್ರದ ತುಂಬ ಅದರದ್ದೇ ಕಾರುಬಾರು. ಕೆಲಗೇರಿ ಕೆರೆ, ಉಣಕಲ್ ಕೆರೆಗೆ ಅಂಥ ಗತಿ ಬೇಡ.

ಮೂರನೆಯದು, ಗಾಜು ಇಟ್ಟುಕೊಳ್ಳಿ. ಅದರದ್ದೇನೂ ತಪ್ಪಿಲ್ಲ. ಅಂಗಳದಲ್ಲಿ ಎರಡು ದಿನ ನೀರು ತುಂಬಿಸಿಟ್ಟು ಸೋರುತ್ತದಾ ನೋಡಿ. ಸೋರದಿದ್ದರೆ ಗಪ್ಪಿ, ಮೋಲಿಯಂಥ ಸಾಕಣೆಯ ಸಿಹಿನೀರಿನ ಮೀನು ಬಿಡಿ. ತಿಂಗಳೊಪ್ಪತ್ತು ನೀರು ಪಕ್ವವಾಗಲು ಬಿಟ್ಟು, ಆಮೇಲೆ ನಾಲ್ಕೇ ಮೀನಿನಿಂದ ಶುರು ಮಾಡಿ. ಬದಲಿಸಿದ ನೀರು ಟೊಮೆಟೊ ಗಿಡಕ್ಕೆ ಗೊಬ್ಬರ. ಕರೆಂಟು ಹೋದರೂ ಗಪ್ಪಿ ತಾಳುತ್ತದೆ. ಕಡಲ ಮೀನೇ ಬೇಕು ಎಂಬ ಹಟ ಇದ್ದರೆ, ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕಲಿತು ಕಲಿಸುತ್ತಿದೆ. ಅಂಥ ಮೀನನ್ನು ರಸೀದಿ ಸಮೇತ ತಂದು, ಮಣ್ಣಿನಲ್ಲಿ ಸುಟ್ಟು ಮಾಡಿದ ಕಲ್ಲು ಇಡಿ. ಹವಳ ಬೇಡ.

ಓದುವ ಹುಡುಗರಿಗೆ ಇನ್ನೊಂದು ದಾರಿ ಹೇಳುತ್ತೇನೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ. ಸಮುದ್ರದ ಹುಚ್ಚು ಹಿಡಿದಿದ್ದರೆ ಬಿ.ಎಸ್‌ಸಿ. ಮುಗಿಸಿ ಅಲ್ಲಿಗೆ ಹೋಗಿ. ಹುಚ್ಚು ಹೊಟ್ಟೆ ತುಂಬಿಸುತ್ತದೆ.

ನಮ್ಮ ಊರಿಂದಲೇ ಸಮುದ್ರ ಶುರು

ಸಮುದ್ರ ದೂರ ಎಂದು ನಾವು ಅಂದುಕೊಂಡಿದ್ದೇವೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಘಟ್ಟ ಇಳಿದು ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಉಣಕಲ್ ನಾಲೆಯ ನೀರು ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ಒಂದೇ ಅವಳಿ ನಗರ, ಎರಡು ಸಮುದ್ರ. ನಾವು ಚೆಲ್ಲಿದ ಪ್ಲಾಸ್ಟಿಕ್ಕು, ಗಟಾರದ ನೀರು ಎರಡೂ ಕಡೆ ಹೋಗುತ್ತದೆ. ಟ್ಯಾಂಕಿನೊಳಗಿನ ಹವಳಕ್ಕೆ ಗ್ರಾಂ ಲೆಕ್ಕದಲ್ಲಿ ಶುದ್ಧ ನೀರು ಕೊಡುವ ನಾವು, ಶಾಲ್ಮಲೆಗೆ ಏನು ಕೊಡುತ್ತಿದ್ದೇವೆ?

ಮೊನ್ನೆ ಹುಡುಗ ಮತ್ತೆ ಫೋನ್ ಮಾಡಿದ್ದ. ಹವಳ ಆಗಲೇ ಬೆಳ್ಳಗಾಗಿತ್ತಂತೆ. "ಮಾರಿದೋರಿಗೆ ಫೋನ್ ಹಚ್ಚಿದ್ನಿ ಅಣ್ಣಾ. ನಂಬರ್ ಬ್ಲಾಕ್ ಮಾಡ್ಯಾರ."

ವಕೀಲರ ನಂಬರ್ ಕೊಟ್ಟಿದ್ದೇನೆ. ಸೋಮವಾರ ಇಬ್ಬರೂ ಕೂಡಿ ಹೋಗುತ್ತೇವೆ. ನಿಮ್ಮ ಊರಿಗೂ ಇಂಥ ಟೆಂಪೊ ಬಂದರೆ, ಇಳಿಸುವ ಮೊದಲು ಒಂದು ಮಾತು ಕೇಳಿ: ರಸೀದಿ ಎಲ್ಲೈತ್ರಿ?